ಗಾಜು ಬದಲಾಯಿಸಿದಿರಿ, ಕ್ಯಾಮೆರಾ ಹೊಂದಿಸಿದಿರಾ?

ಮಾನ್ಯ ಸಂಪಾದಕರೇ,

ಎದುರಿನ ವಾಹನಕ್ಕೆ ಗುದ್ದುವ ಮೊದಲೇ ತಾನಾಗಿ ಬ್ರೇಕ್ ಹಾಕುವುದೂ ಸೇರಿದಂತೆ ಚಾಲಕನಿಗೆ ನೆರವಾಗುವ ‘ಅಡಾಸ್’ ವ್ಯವಸ್ಥೆ ಈಗ ಮಧ್ಯಮ ವರ್ಗದವರು ಕೊಳ್ಳುವ ಕಾರುಗಳಿಗೂ ಬಂದಿದೆ. ಸಂತೋಷದ ವಿಷಯ. ಆದರೆ ಅದನ್ನು ಜೋಪಾನ ಮಾಡುವುದು ಹೇಗೆಂದು ಕಾರು ಮಾರುವಾಗ ಯಾರೂ ಬಿಡಿಸಿ ಹೇಳುತ್ತಿಲ್ಲ.

ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಅಪಾಯ ಕಂಡು ಚಾಲಕನ ಕಾಲು ಬ್ರೇಕಿನ ಮೇಲೆ ಬೀಳಲು ಒಂದೂವರೆ ಸೆಕೆಂಡು ಹಿಡಿದರೆ ಅಷ್ಟರಲ್ಲೇ 33 ಮೀಟರ್ ಹೋಯಿತು. ಈ ವ್ಯವಸ್ಥೆ ಉಳಿಸಿಕೊಡಲು ನೋಡುವುದು ಆ ಒಂದೂವರೆ ಸೆಕೆಂಡನ್ನು. ಮೊದಲು ಬೀಪ್ ಶಬ್ದ ಮಾಡುತ್ತದೆ, ಚಾಲಕ ಎಚ್ಚೆತ್ತುಕೊಳ್ಳದಿದ್ದರೆ ತಾನೇ ಬ್ರೇಕ್ ಒತ್ತುತ್ತದೆ. ಇದಕ್ಕೆ ಸಾಮಾನ್ಯವಾಗಿ ಎರಡು ಕಣ್ಣು: ಒಳಗನ್ನಡಿಯ ಹಿಂದೆ, ಮುಂದಿನ ಗಾಜಿಗೆ ಅಂಟಿದಂತಿರುವ ಕ್ಯಾಮೆರಾ, ಬಂಪರ್ ಅಥವಾ ಗ್ರಿಲ್ಲಿನ ಹಿಂದಿರುವ ರಾಡಾರ್. ಕೆಲವು ಕಾರುಗಳಲ್ಲಿ ಕ್ಯಾಮೆರಾ ಒಂದೇ ಇರುತ್ತದೆ.

ಕಲ್ಲು ಸಿಡಿದು ಗಾಜು ಬಿರುಕುಬಿಟ್ಟಿತೆನ್ನಿ. ಹೊಸ ಗಾಜು ಕೂರಿಸಿ, ಹಳೆಯ ಕ್ಯಾಮೆರಾವನ್ನೇ ಸಿಕ್ಕಿಸಿ ಕಾರು ಕೊಟ್ಟುಬಿಡುತ್ತಾರೆ. ಇಲ್ಲಿದೆ ತೊಂದರೆ. ಕ್ಯಾಮೆರಾದ ಕೋನ ಒಂದೇ ಒಂದು ಡಿಗ್ರಿ ಓರೆಯಾದರೂ 100 ಮೀಟರ್ ದೂರದಲ್ಲಿ ಅದರ ಲೆಕ್ಕ 1.75 ಮೀಟರ್ ತಪ್ಪುತ್ತದೆ. ಹೆದ್ದಾರಿಯ ಲೇನ್ ಅಗಲ 3.5 ಮೀಟರ್, ಅಂದರೆ ಸರಿಯಾಗಿ ಅರ್ಧ ಲೇನ್. ಪಕ್ಕದ ಲೇನಿನ ಲಾರಿಯನ್ನು ನಮ್ಮ ಮುಂದಿದೆ ಎಂದುಕೊಂಡು ಕಾರು ಸುಮ್ಮಸುಮ್ಮನೆ ಬ್ರೇಕ್ ಹಾಕಬಹುದು, ನಿಜವಾಗಿ ಮುಂದಿರುವುದನ್ನು ಬಿಟ್ಟುಬಿಡಲೂಬಹುದು. ಕ್ಯಾಮೆರಾಕ್ಕೆ ಏನಾದರೂ ಅಡ್ಡ ಬಂದರೆ ಡ್ಯಾಶ್‌ಬೋರ್ಡಿನಲ್ಲಿ ಸೂಚನೆ ಬರುತ್ತದೆ. ಸ್ವಲ್ಪ ಓರೆಯಾದರೆ ಎಷ್ಟೋ ಸಲ ಯಾವ ದೀಪವೂ ಹೊತ್ತುವುದಿಲ್ಲ. ಭಯವಿರುವುದು ಅಲ್ಲೇ.

ಹಾಗಾಗಿ ಗಾಜು ಬದಲಾದ ಮೇಲೆ ಕ್ಯಾಲಿಬ್ರೇಷನ್, ಅಂದರೆ ಕ್ಯಾಮೆರಾದ ನೋಟವನ್ನು ಅಳತೆಗೆ ತಕ್ಕಂತೆ ಮತ್ತೆ ಹೊಂದಿಸುವ ಕೆಲಸ, ಆಗಲೇಬೇಕು. ಬಂಪರ್ ಬಿಚ್ಚಿ ಹಾಕಿದಾಗ, ಸಸ್ಪೆನ್ಷನ್ ಕೆಲಸವಾದಾಗ, ವೀಲ್ ಅಲೈನ್‌ಮೆಂಟ್ ತಿದ್ದಿದಾಗಲೂ ಬೇಕೇ ಎಂದು ಆ ಕಾರಿನ ಸರ್ವಿಸ್ ಕೈಪಿಡಿಯಲ್ಲಿ ನೋಡಬೇಕು. ಹೊಂದಿಸುವಾಗ ಕಾರು ಸಮತಟ್ಟಾದ ನೆಲದ ಮೇಲಿರಬೇಕು, ಟಯರಿನ ಗಾಳಿ ಸರಿಯಿರಬೇಕು, ಡಿಕ್ಕಿಯಲ್ಲಿ ಸಾಮಾನು ಇರಕೂಡದು. ಕಂಪನಿ ಹೇಳಿದಷ್ಟೇ ದೂರ, ಅಷ್ಟೇ ಎತ್ತರದಲ್ಲಿ ಗುರುತಿನ ಫಲಕ ನಿಲ್ಲಿಸಿ, ಕಾರಿನ ಕಂಪ್ಯೂಟರಿನೊಂದಿಗೆ ಮಾತಾಡುವ ಸ್ಕ್ಯಾನರ್ ಉಪಕರಣ ಜೋಡಿಸಿ ಹೊಂದಿಸುತ್ತಾರೆ. ಕೆಲವು ಕಾರುಗಳನ್ನು ಬಿಳಿಪಟ್ಟಿ ಸ್ಪಷ್ಟವಾಗಿರುವ ರಸ್ತೆಯಲ್ಲಿ ನಿಗದಿತ ವೇಗದಲ್ಲಿ ಓಡಿಸಿಯೂ ಹೊಂದಿಸಬೇಕು. ಕಣ್ಣಂದಾಜಿನಲ್ಲಿ ಆಗುವ ಕೆಲಸ ಇದಲ್ಲ. ಗಾಜು ಕೊಳ್ಳುವಾಗಲೂ ಕ್ಯಾಮೆರಾ ಕೂರುವ ಬ್ರಾಕೆಟ್ ಅದೇ ಮಾದರಿಯದೇ ಎಂದು ನೋಡಿ. ಅಗ್ಗದ ಗಾಜಿನಲ್ಲಿ ಆ ಭಾಗ ಅಲೆಅಲೆಯಾಗಿದ್ದರೆ ಕ್ಯಾಮೆರಾಕ್ಕೆ ಕಾಣುವ ಚಿತ್ರವೇ ಸೊಟ್ಟ.

ನಮ್ಮ ಆಯುಧಪೂಜೆಯ ಸಂಭ್ರಮಕ್ಕೂ ಒಂದು ಮಾತು. ಗಾಜಿನ ನೆತ್ತಿಯಲ್ಲಿ, ಕ್ಯಾಮೆರಾದ ನೇರಕ್ಕೆ ವಿಭೂತಿ ಪಟ್ಟೆ ಎಳೆಯಬೇಡಿ; ಬಾನೆಟ್ ಮೇಲೆ ಹಚ್ಚಿದರೂ ಪೂಜೆಯೇ. ಗ್ರಿಲ್ಲಿಗೆ ಕಟ್ಟಿದ ದಪ್ಪ ಹಾರ, ಬಾಳೆಕಂದುಗಳನ್ನು ಹೆದ್ದಾರಿಗೆ ಇಳಿಯುವ ಮುನ್ನ ಬಿಚ್ಚಿಡಿ. ನೀರು ತುಂಬಿದ ಎಲೆ, ಹೂವು ರಾಡಾರ್ ಅಲೆಗಳನ್ನು ತಡೆಯುತ್ತವೆ. ಮಳೆಗಾಲದಲ್ಲಿ ಅಲ್ಲಿ ಮೆತ್ತಿಕೊಳ್ಳುವ ಕೆಸರನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ. ಬಂಪರಿಗೆ ಕಬ್ಬಿಣದ ಗಾರ್ಡ್ ಹಾಕಿಸುವುದಕ್ಕೆ ಮೊದಲೇ ನಿಷೇಧವಿದೆ, ರಾಡಾರ್ ಇದ್ದರಂತೂ ಬೇಡವೇ ಬೇಡ.

ಎಲ್ಲ ಸರಿಯಿದ್ದರೂ ರಾತ್ರಿ ಹಿಂದೀಪವಿಲ್ಲದೆ ನಿಂತ ಟ್ರ್ಯಾಕ್ಟರ್ ಟ್ರೇಲರ್, ಅಡ್ಡ ಬರುವ ದನ ಇವನ್ನು ಈ ಕಣ್ಣುಗಳು ಗುರುತಿಸುತ್ತವೆಂಬ ಖಾತರಿಯಿಲ್ಲ. ತಾನಾಗಿ ಬ್ರೇಕ್ ಬಿದ್ದಾಗ ಗಾಬರಿಯಿಂದ ಆಕ್ಸಿಲರೇಟರ್ ತುಳಿದರೆ ಹಲವು ಕಾರುಗಳಲ್ಲಿ ಆ ಬ್ರೇಕ್ ರದ್ದಾಗುತ್ತದೆ. ನೀವೂ ಬ್ರೇಕನ್ನೇ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪೆಡಲ್ ಕಾಲಡಿ ಗಡಗಡ ಅಂದರೆ ಅದು ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ಎಬಿಎಸ್ ಕೆಲಸ ಮಾಡುತ್ತಿರುವ ಲಕ್ಷಣ, ಕಾಲು ಎತ್ತಬೇಡಿ.

ಸಾರಿಗೆ ಇಲಾಖೆ ಮತ್ತು ವಿಮಾ ಕಂಪನಿಗಳಲ್ಲಿ ಒಂದು ವಿನಂತಿ. ಇಂಥ ಕಾರಿನ ಗಾಜು ಬದಲಾಯಿಸಿದ ಪ್ರತಿ ಬಿಲ್ಲಿನಲ್ಲೂ ಕ್ಯಾಲಿಬ್ರೇಷನ್ ಪ್ರತ್ಯೇಕ ಸಾಲಾಗಿ ಇರಬೇಕು, ಅದರ ಖರ್ಚು ಕ್ಲೇಮಿನಲ್ಲಿ ಸೇರಬೇಕು, ಸ್ಕ್ಯಾನರ್ ವರದಿಯ ಪ್ರತಿ ಮಾಲೀಕರ ಕೈಗೆ ಬರಬೇಕು. ಅಲ್ಲಿಯವರೆಗೆ ಮಾಲೀಕರೇ ಕೇಳಿ ಪಡೆಯಲಿ.

– ವಾಹನ ತಂತ್ರಜ್ಞರು, ದಾವಣಗೆರೆ