ಮಲ್ಪೆಯಿಂದ ಶಿವಮೊಗ್ಗಕ್ಕೆ, ಪುನರ್ವಸು ಮಳೆಯಲ್ಲಿ

ಡಯಾಲಿಸಿಸ್‌ಗೆ ಹೋಗುವವರ ಆಟೋ ಬಾಡಿಗೆಗೆ ದುಡ್ಡು ಕೂಡಿಸಲು ಮಲ್ಪೆಯಿಂದ ಶಿವಮೊಗ್ಗಕ್ಕೆ ಓಡಿದ್ದೆನಲ್ಲ, ಆ ಕಾಲಿನ ಬಾವು ಇಳಿದಿದೆ. ಎಡಗಾಲಿನ ಎರಡು ಉಗುರು ಕಪ್ಪಾಗಿವೆ, ಅವು ಬಿದ್ದು ಹೊಸದು ಬರುತ್ತದೆ ಅಂತ ಡಾಕ್ಟರು ಹೇಳಿದ್ದಾರೆ. ನಿನ್ನೆಯಿಂದ ಶಾಲೆಗೂ ಹೋಗುತ್ತಿದ್ದೇನೆ. ಫೋನ್ ಮಾಡಿ ವಿಚಾರಿಸಿದವರಿಗೆಲ್ಲ ಒಬ್ಬೊಬ್ಬರಿಗೇ ಉತ್ತರ ಕೊಡಲು ಆಗಲಿಲ್ಲ, ಹಾಗಾಗಿ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಲೆಕ್ಕ ಒಪ್ಪಿಸಬೇಕು. ಒಟ್ಟು 4,18,250 ರೂಪಾಯಿ ಬಂದಿದೆ. ನಮ್ಮ ಊರಿನ ಕಡೆಯಿಂದ ಡಯಾಲಿಸಿಸ್‌ಗೆ ಆಟೋದಲ್ಲಿ ಹೋಗಿ ಬರಲು ಒಂದು ಸಲಕ್ಕೆ 600 ರೂಪಾಯಿ. ವಾರಕ್ಕೆ ಮೂರು ಸಲ, ವರ್ಷಕ್ಕೆ 156 ಸಲ. ಅಂದರೆ ಒಬ್ಬರಿಗೆ 93,600 ರೂಪಾಯಿ. 2016ರ ಕೇಂದ್ರ ಬಜೆಟ್‌ನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾದ ಮೇಲೆ ಬಿಪಿಎಲ್ ಕಾರ್ಡಿನವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ದುಡ್ಡು ಕೊಡಬೇಕಾಗಿಲ್ಲ. ಆದರೆ ಮಷಿನ್ ಇರುವ ಕೋಣೆಯವರೆಗೆ ಹೋಗುವುದಕ್ಕೆ ಯಾರು ಕೊಡುತ್ತಾರೆ? ಬಸ್ ಇಲ್ಲದ ಊರಿನವರು ಒಂದು ಸಲ ತಪ್ಪಿಸುತ್ತಾರೆ, ಆಮೇಲೆ ಇನ್ನೊಂದು ಸಲ. ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟಿದಾಗ ರಾತ್ರೋರಾತ್ರಿ ಓಡುತ್ತಾರೆ. ನಾನು ಓಡಿದ್ದು ಈ ಆಟೋ ಬಾಡಿಗೆಗಾಗಿ. ನೀವು ಕೊಟ್ಟ ದುಡ್ಡಿನಲ್ಲಿ ನಾಲ್ಕು ಜನ ವರ್ಷವಿಡೀ ಹೋಗಿಬರಬಹುದು, ಐದನೆಯವರಿಗೂ ಐದು ತಿಂಗಳಿನ ಮೇಲೆ ಆಗುತ್ತದೆ.

ಅಪ್ಪನಿಗೆ ನಾಲ್ಕು ವರ್ಷ ಡಯಾಲಿಸಿಸ್ ನಡೆಯಿತು. ಕಿಡ್ನಿ ನೀರನ್ನು ಸರಿಯಾಗಿ ಹೊರಹಾಕುತ್ತಿರಲಿಲ್ಲ, ಹಾಗಾಗಿ ಕಾಫಿ, ಸಾರು, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಒಂದು ಲೀಟರಿಗಿಂತ ಕಡಿಮೆ ಕುಡಿಯಬೇಕಿತ್ತು. ಅಮ್ಮ ಒಂದು ಸ್ಟೀಲ್ ಲೋಟದ ಒಳಗೆ ಮೊಳೆಯಿಂದ ಗೆರೆ ಎಳೆದಿದ್ದಳು. ಆ ಗೆರೆಯವರೆಗೆ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ. ಆಷಾಢದಲ್ಲಿ ನಮ್ಮ ಮನೆಯ ಸೂರಿನಿಂದ ನೀರು ಧಾರೆಧಾರೆಯಾಗಿ ಸುರಿಯುತ್ತದೆ. ಅಪ್ಪ ಜಗಲಿಯಲ್ಲಿ ಕೂತು, ಕೈ ಚಾಚಿ, ಸೂರಿನ ನೀರಲ್ಲಿ ಬೆರಳು ನೆನೆಸಿ ತುಟಿಗೆ ಒರೆಸಿಕೊಳ್ಳುತ್ತಿದ್ದರು. ನುಂಗುತ್ತಿರಲಿಲ್ಲ. ಇಷ್ಟು ಮಳೆ ಬೀಳುವ ನಾಡಿನಲ್ಲಿ ಒಬ್ಬ ಮನುಷ್ಯ ಬಾಯಾರಿಕೊಂಡು ನಾಲ್ಕು ವರ್ಷ ಬದುಕಿದ. ಮಳೆಗಾಲದಲ್ಲೇ ಓಡಬೇಕು ಅಂತ ನಾನು ಹಟ ಹಿಡಿದಿದ್ದು ಅದಕ್ಕೇ. ಚಳಿಗಾಲದಲ್ಲಿ ಓಡಬಾರದಾ ಅಂತ ಕೇಳಿದವರಿಗೆ ಆಗ ಸರಿಯಾಗಿ ಹೇಳಲು ಆಗಿರಲಿಲ್ಲ.

ಶನಿವಾರ ಬೆಳಗಿನ ಜಾವ ನಾಲ್ಕಕ್ಕೆ ಮಲ್ಪೆಯ ಕಡಲಿಗೆ ಕೈಮುಗಿದು ಹೊರಟೆ. ಉಡುಪಿ, ಮಣಿಪಾಲ, ಹಿರಿಯಡ್ಕ, ಪೆರ್ಡೂರು, ಹೆಬ್ರಿ. ಅಲ್ಲಿಯವರೆಗೆ ಮಳೆ ಬಂದು ಬಂದು ಹೋಗುತ್ತಿತ್ತು. ಪೆರ್ಡೂರಿನಲ್ಲಿ ಅಂಗಡಿ ತೆರೆಯುತ್ತಿದ್ದ ಒಬ್ಬರು ವಿಷಯ ಕೇಳಿ ಒಂದು ಚಿಪ್ಪು ಬಾಳೆಹಣ್ಣು ಕೊಟ್ಟು, ದುಡ್ಡು ತಗೊಳ್ಳಲಿಲ್ಲ. ಸೋಮೇಶ್ವರ ದಾಟಿ ಘಾಟಿಗೆ ಕಾಲಿಟ್ಟ ಮೇಲೆ ಮಳೆ ನಿಲ್ಲುವ ಮಾತೇ ಇಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಾಗ ಆಗುಂಬೆ, ಅದರಲ್ಲಿ ಜುಲೈದೇ ದೊಡ್ಡ ಪಾಲು. ಹದಿನಾಲ್ಕು ತಿರುವುಗಳನ್ನು ನಡೆದೇ ಹತ್ತಿದೆ. ರಸ್ತೆಯೇ ಹಳ್ಳವಾಗಿ ಎದುರಿಗೆ ಇಳಿದು ಬರುತ್ತಿತ್ತು. ಒಂಬತ್ತನೇ ತಿರುವಿನಲ್ಲಿ ಮುಖ ಮೇಲೆತ್ತಿ ಬಾಯಿ ತೆರೆದು ನಿಂತೆ, ಬಾಯಿ ತುಂಬಾ ಮಳೆನೀರು ಕುಡಿದೆ. ಅಳು ಬಂತು. ಆ ಮಳೆಯಲ್ಲಿ ಅದು ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ.

ಅದರ ಮೇಲಿನ ತಿರುವಿನಲ್ಲಿ ಮರ ಬಿದ್ದಿತ್ತು. ಒಂದು ಮಿನಿಬಸ್ಸಿನ ಡ್ರೈವರ್ ಮತ್ತು ಕಂಡಕ್ಟರ್ ಕತ್ತಿ ಹಿಡಿದು ಕೊಂಬೆ ಕಡಿಯುತ್ತಿದ್ದರು. ನನ್ನನ್ನು ಕೈಹಿಡಿದು ಆಚೆ ದಾಟಿಸಿದರು. ಆದರೆ ನನ್ನ ತಮ್ಮನ ಕಾರು ಈಚೆಗೇ ಉಳಿಯಿತು. ಒಣಬಟ್ಟೆ, ತಿಂಡಿ, ಉಪ್ಪಿನ ಪೊಟ್ಟಣ ಎಲ್ಲ ಅದರಲ್ಲಿ. ಆಗುಂಬೆಯಲ್ಲಿ ಕಾಫಿ ಕುಡಿದು ಮುಂದೆ ಹೊರಟೆ, ಅದು ತಪ್ಪಾಯಿತು, ಕಾಯಬೇಕಿತ್ತು. ಒದ್ದೆ ಬಟ್ಟೆಗೆ ಗಾಳಿ ಹೊಡೆದರೆ ಜುಲೈ ತಿಂಗಳಲ್ಲೂ ಮೈಯ ಬಿಸಿ ಹೊರಟುಹೋಗುತ್ತದೆ. ಹಲ್ಲು ಕಟಕಟ ಅನ್ನುತ್ತಿತ್ತು, ಬೆರಳು ಮಡಚಲು ಆಗುತ್ತಿರಲಿಲ್ಲ, ಕಾಲಿಗೆ ಉಂಬಳ ಹತ್ತಿದ್ದನ್ನು ಕೀಳುವ ತ್ರಾಣವೂ ಇರಲಿಲ್ಲ.

ಗುಡ್ಡೇಕೇರಿ ಹತ್ತಿರ ರಸ್ತೆ ಬದಿಯ ಮನೆಯಿಂದ ಒಬ್ಬ ಅಜ್ಜಿ ಕೂಗಿದರು: "ಯಾರೇ ಅದು, ಒಳಗೆ ಬಾರೇ ಮಗಾ!" ಹೆಸರು, ಊರು ಯಾವುದನ್ನೂ ಕೇಳದೆ ಬಚ್ಚಲಿಗೆ ಕರೆದುಕೊಂಡು ಹೋಗಿ ಹಂಡೆಯ ಬಿಸಿನೀರು ಹುಯ್ದರು. ಸುಣ್ಣ ಹಚ್ಚಿ ಉಂಬಳ ಬಿಡಿಸಿದರು. ತಮ್ಮ ಹಳೇ ಸೀರೆ ಸುತ್ತಿಸಿ, ಮೇಲೊಂದು ಕರಿ ಕಂಬಳಿ ಹೊದೆಸಿ ಒಲೆಯ ಮುಂದೆ ಕೂರಿಸಿದರು. ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ. ಕಂಬಳಿಗೆ ಹೊಗೆಯ ವಾಸನೆ ಹಿಡಿದಿತ್ತು. ತಮ್ಮ ಬರುವ ಹೊತ್ತಿಗೆ ನನ್ನ ಕೈ ಬೆರಳು ಮಡಚುತ್ತಿದ್ದವು. ಹೊರಡುವಾಗ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿ, "ಆಮೇಲೆ ತಂದುಕೊಡು, ಈಗ ಹೋಗು" ಅಂದರು.

ತೀರ್ಥಹಳ್ಳಿ ಮುಟ್ಟಿದಾಗ ರಾತ್ರಿ ಹತ್ತೂವರೆ. ತುಂಗೆ ಕೆಂಪಾಗಿ ಸೇತುವೆಯ ಕೆಳಗೆ ಭೋರ್ಗರೆಯುತ್ತಿದ್ದಳು. ಅಲ್ಲಿ ಕಾದಿದ್ದವರು ಅಪ್ಪನ ಕಾಲದಿಂದ ಪರಿಚಯವಿದ್ದ ಡಯಾಲಿಸಿಸ್ ಟೆಕ್ನಿಷಿಯನ್. ನನಗೆ ಉಪ್ಪು ನೀರಿನ ಲೆಕ್ಕ ಹಾಕಿಕೊಟ್ಟವರೇ ಅವರು. ಗಂಟೆಗಟ್ಟಲೆ ಓಡುವವರು ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯವಾಗುತ್ತದೆ, ಬಾಯಾರಿದಷ್ಟೇ ಕುಡಿಯಿರಿ, ಜೊತೆಗೆ ಉಪ್ಪು ಇರಲಿ ಅಂತ ತಿಂಗಳಿನಿಂದ ಹೇಳುತ್ತಾ ಬಂದಿದ್ದರು. ಸರ್, ನೀವು ಹಗಲು ಡ್ಯೂಟಿ ಮುಗಿಸಿ ಬಂದು ನನ್ನ ಬಿಳುಚಿ ಸುಕ್ಕುಗಟ್ಟಿದ ಪಾದ ಒರೆಸಿ, ವ್ಯಾಸಲೀನ್ ಹಚ್ಚಿ, ಒಣ ಸಾಕ್ಸ್ ಹಾಕಿಸಿದಿರಿ. ಅಪ್ಪನ ಕೈಗೆ ಸೂಜಿ ಚುಚ್ಚುವಾಗ ಅವರ ಜೊತೆ ತೋಟದ ಮಾತು ತೆಗೆಯುತ್ತಿದ್ದಿರಿ. ಆ ದಿನಗಳಿಗೂ ಸೇರಿಸಿ ಇವತ್ತು ನಿಮಗೆ ನಮಸ್ಕಾರ ಹೇಳುತ್ತಿದ್ದೇನೆ.

ಮಂಡಗದ್ದೆಯ ಕಾಡುದಾರಿಯಲ್ಲಿ ರಾತ್ರಿಯಿಡೀ ಭಾವ ಬೈಕಿನ ಲೈಟು ಹಾಕಿಕೊಂಡು ನನ್ನ ಹೆಜ್ಜೆಗೆ ಸರಿಯಾಗಿ ಹಿಂದೆ ಬಂದರು. ಒಂದು ಮಾತೂ ಆಡಲಿಲ್ಲ, ಒಮ್ಮೆಯೂ ಮುಂದೆ ಹೋಗಲಿಲ್ಲ. ಆ ಬೆಳಕು ಇಲ್ಲದಿದ್ದರೆ ನಾನು ಅಲ್ಲೇ ಕೂತುಬಿಡುತ್ತಿದ್ದೆ. ಗಾಜನೂರು ದಾಟಿದ ಮೇಲಿನದು ಅಷ್ಟಾಗಿ ನೆನಪಿಲ್ಲ. ಭಾನುವಾರ ಮಧ್ಯಾಹ್ನ ಒಂದಕ್ಕೆ ಶಿವಮೊಗ್ಗ. ಒಟ್ಟು 33 ಗಂಟೆ, ನೂರೈವತ್ತು ಕಿಲೋಮೀಟರಿನ ಮೇಲೆ. ನನ್ನ ಎಂಟನೇ ಕ್ಲಾಸಿನ ಮಕ್ಕಳು ಕೊಡೆ ಹಿಡಿದು ಸಾಲಾಗಿ ನಿಂತಿದ್ದರು, ಕೈಯಲ್ಲಿ ಹಾರ್ಲಿಕ್ಸ್ ಡಬ್ಬಿ. ಅದರಲ್ಲಿ 1,340 ರೂಪಾಯಿ ಚಿಲ್ಲರೆ. ಮಕ್ಕಳೇ, ಅದೂ ಮೇಲಿನ ಲೆಕ್ಕದಲ್ಲಿ ಸೇರಿದೆ. ವಾರಕ್ಕೆ ಮೂರು ದಿನ ಡಯಾಲಿಸಿಸ್ ಮಾಡಿಸಿಕೊಳ್ಳುವ ಒಬ್ಬರು ಐವತ್ತು ರೂಪಾಯಿ ಕಳಿಸಿದ್ದಾರೆ. ಅವರ ಹೆಸರು ಹಾಕಬಾರದು ಅಂದಿದ್ದಾರೆ, ಹಾಕಿಲ್ಲ. ಆ ನೋಟನ್ನು ಖರ್ಚು ಮಾಡಲು ನನಗೆ ಕಷ್ಟವಾಯಿತು. ಆದರೂ ಮಾಡಿದೆ, ಅವರು ಕೊಟ್ಟಿದ್ದು ಅದಕ್ಕೇ ತಾನೆ.

ಆಟೋ ಸೋಮವಾರದಿಂದ ಓಡುತ್ತಿದೆ. ಬೆಳಿಗ್ಗೆ ಐದೂವರೆಗೆ ಹೊರಡುತ್ತದೆ. ನಮ್ಮ ಊರಿನ ಆಟೋದವರು ತಾವು ಡೀಸೆಲ್ ದುಡ್ಡು ಮಾತ್ರ ತಗೊಳ್ಳುವುದಾಗಿ ಹೇಳಿದ್ದಾರೆ. ಹಾಗಾಗಿ ಐದನೆಯವರಿಗೂ ವರ್ಷ ಪೂರ್ತಿ ಆಗುತ್ತದೆ, ಬಹುಶಃ ಆರನೆಯವರಿಗೂ. ಆ ಆಟೋದವರೇ ಒಂದು ಮಾತು ಕೇಳಿದರು: "ಟೀಚರೇ, ಮಷಿನ್‌ನಿಂದ ಎದ್ದು ಬಂದವರು ವಾಪಸ್ ಬರುವಾಗ ನಡುಗ್ತಾರೆ, ಹೊದೆಯೋಕೆ ಏನಾದರೂ ಬೇಕಲ್ಲ?"

ಬುಧವಾರ ಕಂಬಳಿ ಒಗೆಸಿ, ಒಣಗಿಸಿ, ಗುಡ್ಡೇಕೇರಿಗೆ ತಗೊಂಡು ಹೋಗಿದ್ದೆ. ಅಜ್ಜಿ ವಿಷಯ ಪೂರ್ತಿ ಕೇಳಿದರು, ಕಂಬಳಿಯನ್ನು ಒಮ್ಮೆ ಮಡಿಲಲ್ಲಿ ಇಟ್ಟುಕೊಂಡರು, ಮತ್ತೆ ಮಡಚಿ ನನ್ನ ಕೈಗೇ ಕೊಟ್ಟರು. ಅದೀಗ ಆಟೋದ ಹಿಂದಿನ ಸೀಟಿನಲ್ಲಿದೆ.