ಸೋಗಾನೆ ರನ್‌ವೇಯಲ್ಲಿ ಹೆಲಿಕಾಪ್ಟರ್ ಪೈಲಟ್‌ಗಳಿಗೆ ತುರ್ತು ತರಬೇತಿ ನಡೆಯಲಿ

ಮಾನ್ಯ ಸಂಪಾದಕರೇ,

ಚುನಾವಣೆ ಬಂತೆಂದರೆ ಮಲೆನಾಡಿನ ಶಾಲಾ ಮೈದಾನಗಳೆಲ್ಲ ಹೆಲಿಪ್ಯಾಡ್ ಆಗುತ್ತವೆ. ಸುಣ್ಣದಲ್ಲಿ ‘ಎಚ್’ ಬರೆದು, ಧೂಳು ಏಳದಂತೆ ಟ್ಯಾಂಕರ್ ನೀರು ಹಾಕಿಸಿದರೆ ಸಿದ್ಧತೆ ಮುಗಿಯಿತು. 2023ರ ಮಾರ್ಚ್‌ನಲ್ಲಿ ಜೇವರ್ಗಿಯಲ್ಲಿ ಪ್ಲಾಸ್ಟಿಕ್ ಹಾಳೆಗಳು ಹಾರಿ ಬಂದು ಬಿ.ಎಸ್. ಯಡಿಯೂರಪ್ಪ ಅವರ ಹೆಲಿಕಾಪ್ಟರ್ ಇಳಿಯದೆ ಮೇಲೇರಬೇಕಾಯಿತು. ಅದೇ ವರ್ಷ ಮೇನಲ್ಲಿ ಹೊಸಕೋಟೆ ಬಳಿ ಡಿ.ಕೆ. ಶಿವಕುಮಾರ್ ಅವರಿದ್ದ ಹೆಲಿಕಾಪ್ಟರ್‌ಗೆ ಹದ್ದು ಬಡಿದು ಮುಂದಿನ ಗಾಜು ಒಡೆಯಿತು. ಎರಡೂ ಬಯಲು ನಾಡಿನಲ್ಲಿ ಆದದ್ದು, ಕೆಳಗೆ ಇಳಿಯಲು ಜಾಗವಿತ್ತು. ನಮ್ಮಲ್ಲಿ ಕೆಳಗಿರುವುದು ಅಡಿಕೆ ತೋಟ, ಕಾಡು, ಶರಾವತಿ ಹಿನ್ನೀರು ಮತ್ತು ಕಣಿವೆಯಿಂದ ಕಣಿವೆಗೆ ಎಳೆದ ವಿದ್ಯುತ್ ತಂತಿ.

ಹೆಲಿಕಾಪ್ಟರ್ ಪೈಲಟ್‌ಗಳಿಗೆ ಕಾಲಕಾಲಕ್ಕೆ ಚೆಕ್ (ಹಾರಾಟದ ಪರೀಕ್ಷೆ) ಇದ್ದೇ ಇದೆ. ಆದರೆ ಚೆಕ್ ಬೇರೆ, ತರಬೇತಿ ಬೇರೆ. ಚೆಕ್ ದಿನ ಎಂಜಿನ್ ‘ಕೈಕೊಡುತ್ತದೆ’ ಎಂದು ಪೈಲಟ್‌ಗೆ ಮೊದಲೇ ಗೊತ್ತಿರುತ್ತದೆ, ಕೈ ಕಲೆಕ್ಟಿವ್ (ಹೆಲಿಕಾಪ್ಟರನ್ನು ಏರಿಸಿ ಇಳಿಸುವ ಸನ್ನೆ) ಮೇಲೆ ಸಿದ್ಧವಾಗಿಯೇ ಇರುತ್ತದೆ. ನಿಜವಾಗಿ ಎಂಜಿನ್ ನಿಂತಾಗ ‘ಏನಾಯಿತು’ ಎಂದು ಯೋಚಿಸುವುದರಲ್ಲೇ ಅಮೂಲ್ಯ ಕ್ಷಣ ಹೋಗುತ್ತದೆ. ರಾಬಿನ್ಸನ್ ಆರ್22ರಂಥ ಹಗುರ ರೋಟರ್ ಯಂತ್ರದಲ್ಲಿ ಕಲೆಕ್ಟಿವ್ ಇಳಿಸಲು ಸಿಗುವುದು ಒಂದು, ಹೆಚ್ಚೆಂದರೆ ಒಂದೂವರೆ ಸೆಕೆಂಡ್. ಅಷ್ಟರಲ್ಲಿ ಇಳಿಸದಿದ್ದರೆ ರೋಟರ್ ವೇಗ ಬೀಳುತ್ತದೆ, ಬಿದ್ದದ್ದು ಮತ್ತೆ ಏಳುವುದಿಲ್ಲ. ಇಳಿಸಿದರೆ ಕೆಳಗಿನಿಂದ ಬರುವ ಗಾಳಿಯೇ ರೋಟರನ್ನು ತಿರುಗಿಸುತ್ತದೆ. ಇದೇ ಆಟೊರೊಟೇಶನ್. ಬೆಲ್ 206ರಂಥ ಹೆಲಿಕಾಪ್ಟರ್ ಹೀಗೆ 60 ನಾಟ್ ವೇಗದಲ್ಲಿ ನಿಮಿಷಕ್ಕೆ 1,500ರಿಂದ 1,800 ಅಡಿ ಇಳಿಯುತ್ತದೆ. ಸಾವಿರ ಅಡಿ ಮೇಲಿದ್ದವರ ಕೈಯಲ್ಲಿ 33-40 ಸೆಕೆಂಡ್. ಅಷ್ಟರಲ್ಲಿ ಜಾಗ ಆರಿಸಿ, ಗಾಳಿಗೆ ಎದುರು ತಿರುಗಿ, ನೆಲ ನೂರಡಿ ಇದೆ ಅನ್ನುವಾಗ ಮೂತಿ ಎತ್ತಿ ವೇಗ ಕಳೆಯಬೇಕು. ಹೆಚ್ಚಿನವರು ಎಡವುವುದು ಈ ಕೊನೆಯ ನೂರಡಿಯಲ್ಲಿ. ಬೇಗ ಎತ್ತಿದರೆ ಯಂತ್ರ ಮೂವತ್ತಡಿ ಮೇಲೇ ನಿಂತು ಧೊಪ್ಪೆಂದು ಬೀಳುತ್ತದೆ. ಎತ್ತಿದ ಮೂತಿ ಸಮ ಮಾಡಲು ತಡವಾದರೆ ಬಾಲ ಮೊದಲು ನೆಲಕ್ಕೆ ಬಡಿಯುತ್ತದೆ.

ಇದಕ್ಕೂ ಸೋಗಾನೆಗೂ ಏನು ಸಂಬಂಧ? ಶಿವಮೊಗ್ಗದ ವಿಮಾನ ನಿಲ್ದಾಣ ಇರುವುದು ಸೋಗಾನೆಯಲ್ಲಿ. 2023ರ ಫೆಬ್ರುವರಿ 27ರಂದು ಉದ್ಘಾಟನೆಯಾದ ಈ ನಿಲ್ದಾಣದ ರನ್‌ವೇ 3.2 ಕಿ.ಮೀ. ಉದ್ದವಿದೆ. ಮೂತಿ ತಿರುಗಿಸುವ ಕಾಲಿನ ಪೆಡಲ್ ಸಿಕ್ಕಿಹಾಕಿಕೊಂಡರೆ ಅಥವಾ ಹೈಡ್ರಾಲಿಕ್ಸ್ ಹೋದರೆ ಹೆಲಿಕಾಪ್ಟರನ್ನು ಗಾಳಿಯಲ್ಲಿ ನಿಲ್ಲಿಸಿ ಇಳಿಸುವುದು ಅಪಾಯ, ವಿಮಾನದ ಹಾಗೆ ಓಡಿಸಿಕೊಂಡೇ ಇಳಿಸಬೇಕು. ಅದರ ಅಭ್ಯಾಸ ಶಾಲಾ ಮೈದಾನದಲ್ಲಿ ಆಗುವ ಮಾತಲ್ಲ. ದಿನಕ್ಕೆ ಬೆರಳೆಣಿಕೆಯ ವಿಮಾನ ಬಂದು ಹೋಗುವ, ರಾಜ್ಯ ಸರ್ಕಾರವೇ ನಡೆಸುವ ಸೋಗಾನೆಯಲ್ಲಿ ಅದಕ್ಕೆ ಹೊತ್ತೂ ಇದೆ, ಜಾಗವೂ ಇದೆ. ಟೇಲ್ ರೋಟರ್ (ಬಾಲದ ಚಿಕ್ಕ ರೋಟರ್) ಕೈಕೊಟ್ಟರೆ ಬೆಲ್ ಯಂತ್ರದ ಮೂತಿ ಬಲಕ್ಕೆ ತಿರುಗುತ್ತದೆ, ಏರ್‌ಬಸ್ ಎಚ್125ರದ್ದು ಎಡಕ್ಕೆ. ವರ್ಷಗಟ್ಟಲೆ ಒಂದರಲ್ಲಿ ಹಾರಿ ಇನ್ನೊಂದಕ್ಕೆ ಬಂದವರ ಕಾಲು ಗಾಬರಿಯಲ್ಲಿ ಹಳೆಯ ಅಭ್ಯಾಸದ ಪೆಡಲ್ಲನ್ನೇ ಒತ್ತುತ್ತದೆ.

ಆರು ಪೈಲಟ್‌ಗಳ ತಂಡಕ್ಕೆ ಒಂದು ಹೆಲಿಕಾಪ್ಟರ್, ಅದೇ ಮಾದರಿಯ ಇಬ್ಬರು ಇನ್‌ಸ್ಟ್ರಕ್ಟರ್, ಮೂರು ದಿನ ಸಾಕು. ಮೊದಲ ದಿನ ತರಗತಿ. ತುರ್ತು ಕ್ರಮಗಳನ್ನು ಮ್ಯಾನ್ಯುಯಲ್ ತೆರೆಯದೆ ಹೇಳಲಾಗದವರು ಮರುದಿನ ಹಾರಬಾರದು. ಹಾರಾಟ ಬೆಳಿಗ್ಗೆಯೇ ಆಗಬೇಕು. ಸಮುದ್ರಮಟ್ಟದಿಂದ ಸುಮಾರು 2,000 ಅಡಿ ಎತ್ತರದ ಶಿವಮೊಗ್ಗದಲ್ಲಿ ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಇದ್ದರೆ ಯಂತ್ರದ ಪಾಲಿಗೆ ಅದು 5,000 ಅಡಿಯ ತೆಳು ಗಾಳಿ. ಒಬ್ಬೊಬ್ಬರಿಗೆ ಒಂದು ಗಂಟೆ, ಎಂಟು-ಹತ್ತು ಆಟೊರೊಟೇಶನ್. ಅದಕ್ಕಿಂತ ಹೆಚ್ಚಾದರೆ ಕೈ ಸೋಲುತ್ತದೆ, ಕಲಿಕೆ ನಿಲ್ಲುತ್ತದೆ. ಅಗ್ನಿಶಾಮಕ ವಾಹನ ಶೆಡ್ಡಿನಲ್ಲಿರದೆ ರನ್‌ವೇ ಪಕ್ಕದಲ್ಲಿ ಸಿಬ್ಬಂದಿ ಸಮೇತ ನಿಂತಿರಬೇಕು. ಓಡಿಸಿ ಇಳಿಸುವ ಅಭ್ಯಾಸಕ್ಕೆ ಸ್ಕಿಡ್ಡಿನ (ಚಕ್ರದ ಬದಲು ಇರುವ ಉದ್ದನೆಯ ಕಾಲು) ತಳದ ಸವಕಲು ಪಟ್ಟಿಗಳು ಒಂದು ಜೊತೆ ಹೆಚ್ಚಿಗೆ ಬೇಕು, ಡಾಂಬರಿಗೆ ಅವು ಬೇಗ ಸವೆಯುತ್ತವೆ. ಎಂಜಿನ್ ಶಕ್ತಿಯಿಲ್ಲದೆ ನೆಲ ಮುಟ್ಟಿಸುವ ಅಭ್ಯಾಸಕ್ಕೆ ವಿಮೆ ಅನ್ವಯಿಸುತ್ತದೆಯೇ ಎಂದು ಮಾಲೀಕರು ಮೊದಲೇ ಬರಹದಲ್ಲಿ ಕೇಳಿಕೊಳ್ಳಲಿ. ಹಾನಿಯಾದ ಮೇಲೆ ಕರಾರು ಓದುವುದು ನಮ್ಮಲ್ಲಿ ರೂಢಿ.

ಮೋಡದೊಳಗೆ ಸಿಕ್ಕಿಕೊಳ್ಳುವುದನ್ನು ಮಾತ್ರ ನಿಜ ಯಂತ್ರದಲ್ಲಿ ಕಲಿಸಬೇಡಿ. 2021ರ ಡಿಸೆಂಬರ್ 8ರಂದು ಕುನೂರಿನಲ್ಲಿ ಜನರಲ್ ಬಿಪಿನ್ ರಾವತ್ ಅವರಿದ್ದ ಹೆಲಿಕಾಪ್ಟರ್ ಬಿದ್ದದ್ದು ಕಣಿವೆಯ ಹವೆ ದಿಢೀರ್ ಬದಲಾಗಿ ಮೋಡದೊಳಗೆ ಹೊಕ್ಕಿದ್ದರಿಂದ ಎಂದು ತನಿಖೆ ಹೇಳಿತು. ಆಗುಂಬೆ, ಹುಲಿಕಲ್ ಕಡೆ ಕರಾವಳಿಯಿಂದ ಮೋಡ ಏರುವುದೂ ಹಾಗೆಯೇ. ಇದಕ್ಕೆ ಬೆಂಗಳೂರಿನಲ್ಲಿ ಎಚ್‌ಎಎಲ್ ಮತ್ತು ಸಿಎಇ ಸೇರಿ ಕಟ್ಟಿದ ಕೇಂದ್ರದ ಸಿಮ್ಯುಲೇಟರ್ ಇದೆ. ಕಲಿಯಬೇಕಾದ ಕ್ರಮ ಚಿಕ್ಕದು: ಯಂತ್ರ ಸಮ ಮಾಡು, ದಿಕ್ಕು ಹಿಡಿ, ಏರುವ ಶಕ್ತಿ ಕೊಡು, ವೇಗ ಕಾಯ್ದುಕೋ, ರೇಡಿಯೊ ಆಮೇಲೆ. ಬಂದ ದಾರಿಗೆ ಥಟ್ಟನೆ ತಿರುಗುವ ಆಸೆಯೇ ಕೊಲ್ಲುತ್ತದೆ. ಎಷ್ಟು ಎತ್ತರಕ್ಕೆ ಏರಬೇಕೆಂಬುದು ಹೊರಡುವ ಮೊದಲೇ ತೊಡೆಯ ಮೇಲಿನ ಹಾಳೆಯಲ್ಲಿ ಬರೆದಿರಬೇಕು. ಕೊಡಚಾದ್ರಿಯೇ 1,343 ಮೀಟರ್, ಅಂದರೆ 4,400 ಅಡಿ. ಅದರ ಮೇಲೆ ಇನ್ನೊಂದು ಸಾವಿರ ಅಡಿಯಾದರೂ ಬೇಕು.

ಫೆಬ್ರುವರಿಯಿಂದ ಮೇ ಮಧ್ಯದವರೆಗೆ ವಾರದಲ್ಲಿ ಎರಡು ಬೆಳಿಗ್ಗೆ, ಮೂರ್ಮೂರು ಗಂಟೆ ರನ್‌ವೇ ಬಿಟ್ಟುಕೊಟ್ಟರೆ ಸಾಕು. ಜಿಲ್ಲಾಡಳಿತ ಮತ್ತು ನಿಲ್ದಾಣದ ಅಧಿಕಾರಿಗಳು ಬಾಡಿಗೆ ಹೆಲಿಕಾಪ್ಟರ್ ಸಂಸ್ಥೆಗಳನ್ನು ಕರೆದು ಮಾತನಾಡಲಿ. ಗಣ್ಯರ ಹಾರಾಟಕ್ಕೆ ಟೆಂಡರ್ ಕರೆಯುವಾಗ ಪೈಲಟ್ ಈ ತರಬೇತಿ ಪಡೆದ ದಿನಾಂಕವನ್ನೂ ಕೇಳಲಿ.

– ಹೆಲಿಕಾಪ್ಟರ್ ತರಬೇತುದಾರರು, ಶಿವಮೊಗ್ಗ