ಎಬ್ಬಿಸಿ ಊಟ ಕೊಟ್ಟು ಬೈಸ್ಕೊಂಡ್ವಿ

ಲೇ ದೋಸ್ತ,

ಮೊನ್ನೆ ಫೋನಲ್ಲಿ "ದಾವಣಗೆರೇಲಿ ಎಂಥಾ ಚಳಿಯೋ, ದಿಲ್ಲಿಗೆ ಬಂದು ನೋಡು, ಇಲ್ಲಿ 4 ಡಿಗ್ರಿ" ಅಂತ ನಕ್ಕಿದ್ಯಲ್ಲ, ಸರಿ ಕಣಪ್ಪ, ನಿಮ್ದೇ ದೊಡ್ಡ ಚಳಿ, ಒಪ್ಕೊಂಡೆ. ಆದ್ರೆ ನಿನ್ನೆ ಬೆಳಗಿನ ಜಾವ ನನ್ನ ಮೊಬೈಲ್ 13 ತೋರಿಸ್ತಿತ್ತು, ಸ್ವೆಟರ್ ಹಾಕ್ಕೊಂಡು ಬೈಕಲ್ಲಿ ಹೋಗೋ ನಂಗೇ ಹಲ್ಲು ಕಟಕಟ ಅಂತಿದ್ವು, ಇನ್ನ ಬರೀ ಸಿಮೆಂಟಿನ ಮೇಲೆ ಹಳೇ ಪಂಚೆ ಹೊದ್ದು ಮಲಗೋರ ಗತಿ ಹೇಳು.

ನಾವು ಐದು ಜನ ಬೀದೀಲಿ ಮಲಗೋರಿಗೆ ರಾತ್ರಿ ಊಟ ಹಂಚೋಕೆ ಶುರು ಮಾಡಿದ್ದು ನಿಂಗೊತ್ತು, ಫೋಟೋಗೆ ಹಾರ್ಟ್ ಬೇರೆ ಒತ್ತಿದ್ದೆ. ಫೋಟೋದಲ್ಲಿ ಇಲ್ಲದ್ದು ಕೇಳು. ಎಲ್ರದೂ ಕೆಲಸ ಮುಗಿಯೋದೇ ಲೇಟು, ಹಂಗಾಗಿ ಹನ್ನೊಂದು ಗಂಟೆಗೆ ಪಲಾವ್ ಪ್ಯಾಕೆಟ್ ಕಟ್ಕೊಂಡು ಹೊರಟ್ವಿ. ಪಿ.ಬಿ. ರೋಡಲ್ಲಿ ಮುಚ್ಚಿದ ಅಂಗಡಿ ಮೆಟ್ಟಿಲ ಮೇಲೆ ಒಬ್ಬ ಅಜ್ಜ ಮಲಗಿದ್ರು. ನಾನೇ ಭುಜ ಅಲ್ಲಾಡಿಸಿ "ಅಜ್ಜ, ಊಟ ಮಾಡ್ರಿ" ಅಂದೆ. ಎದ್ದು ಕೂತ್ರು, ಪ್ಯಾಕೆಟ್ ನೋಡಿದ್ರು, ನನ್ನ ನೋಡಿದ್ರು, ಆಮೇಲೆ ಶುರುವಾಯ್ತು ಮಂಗಳಾರತಿ. "ಎರಡು ತಾಸು ಒದ್ದಾಡಿ ಈಗಷ್ಟೇ ಮೈ ಬೆಚ್ಚಗಾಗಿತ್ತಲ್ಲೋ, ಎಬ್ಬಿಸಿ ಕೆಡಿಸಿದ್ಯಲ್ಲ, ಬೆಳಗಾಗೋ ತನಕ ನಿದ್ದೆ ನೀ ಕೊಡ್ತೀಯಾ?" ವಿಡಿಯೋ ಮಾಡ್ತಿದ್ದ ನಮ್ಮೋನು ಮೊಬೈಲ್ ಮೆಲ್ಲಗೆ ಜೇಬಿಗಿಳಿಸಿದ. ಪಲಾವೂ ಅಷ್ಟೊತ್ತಿಗೆ ತಣ್ಣಗಾಗಿ ಗಟ್ಟಿಯಾಗಿತ್ತು, ಅಜ್ಜಂಗೆ ನೋಡಿದ್ರೆ ಹಲ್ಲಿಲ್ಲ. ಒಂದು ತುತ್ತು ಬಾಯಲ್ಲೇ ತಿರುಗಿಸಿ ತಿರುಗಿಸಿ ನುಂಗಿ, ಉಳಿದದ್ದನ್ನ ಸುತ್ತಿ ತಲೆದೆಸೆಗಿಟ್ಕೊಂಡ್ರು.

ಮಾರನೇ ದಿನ ಸಂಜೆ ಹೋಗಿ ಪಕ್ಕದಲ್ಲಿ ಕೂತೆ. ರಾತ್ರಿ ಊಟಕ್ಕೆ ಬರ ಇಲ್ವಂತೆ, ಮದುವೆ ಸೀಸನ್‌ನಲ್ಲಿ ಛತ್ರದವರು ಕೊಡ್ತಾರೆ, ಭಾನುವಾರ ಅಂತೂ ನಮ್ಮಂಥೋರು ಒಬ್ರ ಹಿಂದೆ ಒಬ್ರು. ಕಷ್ಟ ಇರೋದು ಬೆಳಗಿನ ನಾಲ್ಕೂವರೆಯಿಂದ. ಚಳಿಗೆ ಎಚ್ಚರ ಆಗಿಬಿಡ್ತದೆ, ಅಂಗಡಿ ಮುಂದೆ ನೀರು ಹಾಕೋರು ಬಂದು ಎಬ್ಬಿಸ್ತಾರೆ, ಇಂದಿರಾ ಕ್ಯಾಂಟೀನಲ್ಲಿ 5 ರೂಪಾಯಿ ತಿಂಡಿ ಸಿಗೋದು ಏಳೂವರೆ ಮೇಲೆ. ಆ ಮೂರು ತಾಸು ಹೊಟ್ಟೇಲಿ ಬಿಸಿ ಅನ್ನೋದೇ ಇರಲ್ಲ.

ಅದಕ್ಕೆ ಪಲಾವ್ ಬಿಟ್ವಿ. ಈಗ ಅಮ್ಮ ರಾತ್ರಿನೇ ಅಕ್ಕಿ ನೆನೆಸಿಡ್ತಾಳೆ, ನಾನು ಮೂರೂವರೆಗೆ ಎದ್ದು ಹೆಸರುಬೇಳೆ, ಜೀರಿಗೆ, ಶುಂಠಿ ಹಾಕಿ ಮೆತ್ತಗೆ ಗಂಜಿ ಕುದಿಸ್ತೀನಿ (ನಾನು! ಗ್ಯಾಸ್ ಹಚ್ಚೋಕೆ ಬರದೋನು!), 20 ಲೀಟರ್ ಸ್ಟೀಲ್ ಕ್ಯಾನಿಗೆ ಕಂಬಳಿ ಸುತ್ತಿ ಆಟೋದಲ್ಲಿಟ್ಕೊಂಡು ಸ್ಟೇಷನ್ ಕಡೆಯಿಂದ ಶುರು ಮಾಡ್ತೀವಿ. ಯಾರೂ ತಕ್ಷಣ ಕುಡಿಯಲ್ಲ ನೋಡು. ಅಜ್ಜ ಲೋಟ ಎರಡೂ ಕೈಲಿ ಹಿಡಿದು ಮೊದ್ಲು ಆ ಕಿವಿಗೆ, ಆಮೇಲೆ ಈ ಕಿವಿಗೆ ಒತ್ಕೊಳ್ತಾರೆ, ಕಣ್ಣು ಮುಚ್ಕೊಂಡು. ಆಮೇಲೆ ಕುಡಿಯೋದು.

ಇನ್ನೊಂದು ಅವರೇ ಕಲಿಸಿದ್ದು. ನಾವು ಕೊಟ್ಟ ಕಂಬಳಿನ ಮಡಚಿ ಕೆಳಗೆ ಹಾಸ್ಕೊಂಡಿದ್ರು, ಹೊದ್ದಿದ್ದು ಅದೇ ಪಂಚೆ. ಸಿಮೆಂಟು ಮೈ ಬಿಸಿನೆಲ್ಲ ಹೀರ್ಕೊಳ್ತದೆ, ಮೇಲೆ ಎಷ್ಟು ಹೊದ್ರೂ ಅಷ್ಟಕ್ಕಷ್ಟೇ. ಈಗ ಚಪ್ಪಲಿ ಅಂಗಡಿಗಳಿಂದ ರಟ್ಟು, ಎಪಿಎಂಸಿಯಿಂದ ಗೋಣಿಚೀಲ ತಂದು ಹಂಚ್ತೀವಿ, ದುಡ್ಡೂ ಖರ್ಚಿಲ್ಲ.

ಕಳೆದ ವಾರ ಒಂದು ತಪ್ಪು ಆಗೋದಿತ್ತು. ಒಬ್ಬ ತೊದಲ್ತಾ ಇದ್ದ, ಕಾಲು ನಿಲ್ತಿಲ್ಲ, ಕುಡಿದಿದ್ದಾನೆ ಬಿಡು ಅಂತ ಮುಂದೆ ಹೋಗ್ತಿದ್ವಿ. ಬಾಯಲ್ಲಿ ವಾಸನೆನೇ ಇರಲಿಲ್ಲ. ಬಟ್ಟೆ ಒದ್ದೆ, ಕೈ ಮಂಜುಗಡ್ಡೆ, ಆದ್ರೂ ನಡುಗ್ತಿಲ್ಲ. ನಡುಕ ನಿಂತ್ರೆನೇ ಡೇಂಜರ್ ಕಣೋ, ಮೈ ತಣ್ಣಗಾಗಿ ಸೋತಿದೆ ಅಂತ. 108ಕ್ಕೆ ಫೋನ್ ಮಾಡಿ, ಒದ್ದೆ ಬಟ್ಟೆ ಬಿಚ್ಚಿ, ಒಣಗಿದ್ದು ಸುತ್ತಿ ಆಂಬ್ಯುಲೆನ್ಸ್ ಹತ್ತಿಸಿದ್ವಿ. ನಮ್ಮಲ್ಲೊಬ್ಬ "ಒಂದು ಪೆಗ್ ಹಾಕಿದ್ರೆ ಸರಿ ಹೋಗ್ತಾನೆ" ಅಂದ, ಅದಂತೂ ಮಾಡಲೇಬಾರದು, ಕುಡಿದ್ರೆ ಚರ್ಮ ಬೆಚ್ಚಗನಿಸ್ತದೆ, ಒಳಗಿನ ಬಿಸಿ ಇನ್ನೂ ಬೇಗ ಸೋರಿಹೋಗ್ತದೆ.

ರಾತ್ರಿ ವಸತಿ ಕೇಂದ್ರಕ್ಕೆ ಹೋಗಬಾರದಾ ಅಂತ ನೀ ಕೇಳ್ತೀಯ, ನಾನೂ ಕೇಳ್ದೆ. ಊರಲ್ಲಿ ಲಕ್ಷ ಜನ ಇದ್ರೆ ಕನಿಷ್ಠ ನೂರು ಜನ ಮಲಗೋಷ್ಟು ಇಂಥ ಜಾಗ ಇರಬೇಕು ಅಂತ ಸರ್ಕಾರದ ಸ್ಕೀಮಲ್ಲೇ ಇತ್ತು. ಅಜ್ಜ ಅಂದಿದ್ದು ಇಷ್ಟೇ, "ನಾಯಿನ ಒಳಗೆ ಬಿಡ್ತಾರೇನು?" ಅವರ ಕಾಲ ಹತ್ರ ಕೆಂದ ನಾಯಿ ಮುದುರ್ಕೊಂಡು ಮಲಗಿರ್ತದೆ, ಅದೇ ಅವರ ಹೀಟರ್.

ಸಂಕ್ರಾಂತಿಗೆ ಬರ್ತೀಯಲ್ಲ, ನಾಲ್ಕಕ್ಕೆ ಏಳಬೇಕು, ಬೆಣ್ಣೆ ದೋಸೆ ಆಮೇಲೆ. ಅಲ್ಲಿಂದ ಉಲನ್ ಕಾಲುಚೀಲ ಒಂದಿಪ್ಪತ್ತು ಜೊತೆ ತಗೊಂಡು ಬಾ. ಎರಡು ಜೊತೆ ದೊಡ್ಡ ಸೈಜು ನೋಡಿ ತಾ, ಅಜ್ಜಂದು ಪಾದ ಉದ್ದ.

ನಿನ್ನ ದೋಸ್ತ